ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಲು ಮೊದಲ ರೋಡ್ ಬೈಕ್: ಹಳೆ 105 ತಗೊಳ್ಳಲೋ, ಹೊಸ ಕ್ಲಾರಿಸ್ ತಗೊಳ್ಳಲೋ?

ವಿದ್ಯಾಗಿರಿ_ಹೊಸಬ

ಎಲ್ಲರಿಗೂ ನಮಸ್ಕಾರ ರೀ. ಮನೆ ಧಾರವಾಡದ ವಿದ್ಯಾಗಿರಿ, ಆಫೀಸು ಹುಬ್ಬಳ್ಳಿಯ ವಿದ್ಯಾನಗರ. ಒಂದು ಕಡೆಗೆ ಹದಿನಾಲ್ಕು-ಹದಿನೈದು ಕಿಲೋಮೀಟರ್. ಈಗ ಚಿಗರಿ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ವಾರಕ್ಕೆ ಮೂರ್ನಾಲ್ಕು ದಿನವಾದರೂ ಸೈಕಲ್ ಮೇಲೆ ಹೋಗಬೇಕು ಅಂತ ಆಸೆ. ಕಾಲೇಜಿನಲ್ಲಿ ಗೇರ್ ಇಲ್ಲದ ಸೈಕಲ್ ತುಳಿದದ್ದು ಬಿಟ್ಟರೆ ಬೇರೆ ಅನುಭವ ಇಲ್ಲ.

ಬಜೆಟ್ ಹೆಲ್ಮೆಟ್, ಲೈಟು ಎಲ್ಲ ಸೇರಿ 65 ಸಾವಿರ. ಎರಡು ಸೈಕಲ್ ನೋಡಿದ್ದೇನೆ.

ಮೊದಲನೆಯದು ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿರುವ ಹಳೆ ರೇಸಿಂಗ್ ಬೈಕ್. ಶಿಮಾನೋ ಕಂಪನಿಯ 105 ಗೇರ್ ಸೆಟ್, ರಿಮ್ ಬ್ರೇಕ್ (ರಬ್ಬರು ಚಕ್ರದ ರಿಮ್ಮನ್ನೇ ಹಿಡಿಯುವುದು), 23ರ ಟೈರ್ (ಅಗಲ 23 ಮಿ.ಮೀ.). ಮುಂದೆ 53/39 ಹಲ್ಲು, ಹಿಂದೆ 11-25. ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ.

ಎರಡನೆಯದು ಇಲ್ಲೇ ಅಂಗಡಿಯಲ್ಲಿರುವ ಹೊಸದು. ಅಲ್ಯೂಮಿನಿಯಂ ಫ್ರೇಮ್, ಶಿಮಾನೋದ್ದೇ ಕ್ಲಾರಿಸ್ ಗೇರ್ ಸೆಟ್ (8 ಸ್ಪೀಡ್), ಕೇಬಲ್ ಡಿಸ್ಕ್ ಬ್ರೇಕ್, 28ರ ಟೈರ್, ಮುಂದೆ 50/34, ಹಿಂದೆ 11-32. ಭಾರ ಸ್ವಲ್ಪ ಜಾಸ್ತಿ. ನನ್ನ ಎತ್ತರ 5 ಅಡಿ 7 ಇಂಚು. ಅಂಗಡಿಯಲ್ಲಿ 56 ಸೈಜ್ ಮಾತ್ರ ಇದೆ, ಸೀಟು ಇಳಿಸಿಕೊಟ್ಟರೆ ಆಯ್ತು ಅನ್ನುತ್ತಾರೆ.

ಗೆಳೆಯರೆಲ್ಲ 105 ಬಿಡಬೇಡ ಅನ್ನುತ್ತಿದ್ದಾರೆ. ಯಾವುದು ತಗೊಳ್ಳಲಿ?

ಉಣಕಲ್_ದಂಡೆ

ನಮಸ್ಕಾರ ರೀ. ನಾನು ಇದೇ ರಸ್ತೆಯಲ್ಲಿ ಹಲವು ವರ್ಷದಿಂದ ಸೈಕಲ್ ಮೇಲೆ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

105 ಒಳ್ಳೆಯ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇರ್ ಸೆಟ್ ಆಮೇಲೆ ಬದಲಾಯಿಸಬಹುದು, ಫ್ರೇಮಿನ ಜಾಗ ಬದಲಾಯಿಸಲು ಆಗುವುದಿಲ್ಲ. ಕೆಲಸಕ್ಕೆ ಹೋಗುವ ಸೈಕಲ್ ಆದರೆ ಮೊದಲು ಕೇಳಬೇಕಾದದ್ದು ಒಂದೇ: ಮಡ್‌ಗಾರ್ಡ್ ಹಾಕಿದ ಮೇಲೂ ಇದರಲ್ಲಿ ಎಷ್ಟು ಅಗಲದ ಟೈರ್ ಕೂರುತ್ತದೆ?

ಹಳೆ ರೇಸಿಂಗ್ ಬೈಕಿನ ರಿಮ್ ಬ್ರೇಕಿನಲ್ಲಿ 25 ಕೂರುತ್ತದೆ. ಅದೃಷ್ಟ ಇದ್ದರೆ 28, ಅದೂ ಮಡ್‌ಗಾರ್ಡ್ ಇಲ್ಲದೆ. ಈಗ ನಿಮ್ಮ ದಾರಿ ನೋಡಿ. ನಡುವಿನ ಬಿ.ಆರ್.ಟಿ.ಎಸ್. ಪಥ ಬಸ್ಸಿನದು, ಅಲ್ಲಿ ನಮಗೆ ಜಾಗವಿಲ್ಲ. ಪಕ್ಕದ ರಸ್ತೆಯಲ್ಲೇ ಹೋಗಬೇಕು. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಅಂಚಿಗೆ ಸರಿಯುತ್ತೀರಿ. ಆ ಅಂಚಿನಲ್ಲೇ ಕಿತ್ತ ಡಾಂಬರು, ಜಲ್ಲಿ, ಚರಂಡಿಯ ಕಬ್ಬಿಣದ ಜಾಲರಿ ಎಲ್ಲ ಇರುವುದು. ಜಾಲರಿಯ ಸರಳು ನೀವು ಹೋಗುವ ದಿಕ್ಕಿಗೇ ಇದ್ದರೆ 23ರ ಚಕ್ರ ನೇರ ಒಳಗೆ ಇಳಿಯುತ್ತದೆ. ಗಾಲಿ ಹಿಡಿದುಕೊಂಡಿತು ಅಂದರೆ ನೀವು ಹ್ಯಾಂಡಲ್ ಮೇಲಿಂದ ಮುಂದಕ್ಕೆ. ಇದು ಹೆದರಿಸುವ ಮಾತಲ್ಲ, ದಿನಾ ನೋಡುವ ಜಾಗ.

ಗುಂಡಿಗೆ ಬಿದ್ದಾಗ ಇನ್ನೊಂದು ತೊಂದರೆ. ತೆಳು ಟೈರಿನಲ್ಲಿ ಗಾಳಿ ಇರುವುದೇ ಕಡಿಮೆ. ಟ್ಯೂಬು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಪಕ್ಕಪಕ್ಕ ಎರಡು ತೂತಾಗುತ್ತದೆ. ಅದು ಆಗಬಾರದು ಅಂದರೆ 100 ಪಿ.ಎಸ್.ಐ. ತನಕ ಗಾಳಿ ತುಂಬಬೇಕು. ತುಂಬಿದರೆ ಪ್ರತಿ ಕಲ್ಲೂ ಅಂಗೈಗೆ ಹೊಡೆಯುತ್ತದೆ. 32ರ ಟೈರಿಗೆ ಅರವತ್ತರ ಆಸುಪಾಸು ಸಾಕು. ಅಗಲ ಟೈರ್ ಅಂದರೆ ನಿಧಾನ ಅನ್ನುವುದು ನುಣುಪಾದ ಟ್ರ್ಯಾಕಿನ ಲೆಕ್ಕ. ನಮ್ಮ ರಸ್ತೆಯಲ್ಲಿ ಕುಣಿಯದೆ ನೆಲಕ್ಕೆ ಅಂಟಿ ಓಡುವ ಟೈರೇ ಬೇಗ ಮುಟ್ಟಿಸುತ್ತದೆ.

ಇನ್ನು ಗೇರು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಬೆಳಿಗ್ಗೆ ಹೋಗುವಾಗ ಆರಾಮ ಅನಿಸುತ್ತದೆ. ಸಂಜೆ ದಣಿದು ಬರುವಾಗ ಏರು. ಅದರ ಮೇಲೆ ಜೂನ್‌ನಿಂದ ಪಶ್ಚಿಮದ ಗಾಳಿ. ಹುಬ್ಬಳ್ಳಿಯಿಂದ ಧಾರವಾಡ ವಾಯವ್ಯಕ್ಕಿದೆ, ಅಂದರೆ ಮನೆಗೆ ಬರುವಷ್ಟು ಹೊತ್ತೂ ಗಾಳಿ ಮುಖಕ್ಕೇ. ನವನಗರ ದಾಟಿ ರಾಯಾಪುರ, ನವಲೂರು, ಸತ್ತೂರಿನ ಬಯಲಿಗೆ ಬಂದಾಗ ಗೊತ್ತಾಗುತ್ತದೆ.

39/25ರಲ್ಲಿ, ಅಂದರೆ ಮುಂದೆ 39 ಹಲ್ಲು, ಹಿಂದೆ 25 ಹಲ್ಲು ಇದ್ದಾಗ, ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. 34/32ರಲ್ಲಿ 2.3 ಮೀಟರ್. ನಿಮಿಷಕ್ಕೆ 70 ಸುತ್ತು ತುಳಿಯುತ್ತೀರಿ ಅಂದುಕೊಳ್ಳಿ. ಮೊದಲನೆಯದರಲ್ಲಿ ಗಂಟೆಗೆ ಹದಿನಾಲ್ಕು ಕಿ.ಮೀ.ಗಿಂತ ನಿಧಾನ ಆದರೆ ಎದ್ದು ನಿಂತು ಒದ್ದಾಡಬೇಕು. ಎರಡನೆಯದರಲ್ಲಿ ಒಂಬತ್ತೂವರೆಗೆ ಇಳಿದರೂ ಕೂತೇ ತುಳಿಯಬಹುದು. ಹೊಸಬರ ಮೊಣಕಾಲು ಉಳಿಯುವುದು ಈ ವ್ಯತ್ಯಾಸದಲ್ಲೇ.

ನನ್ನ ಮತ ಎರಡನೆಯದಕ್ಕೆ. ಆದರೆ 56 ಬೇಡವೇ ಬೇಡ. ಸೀಟು ಇಳಿಸಿದರೆ ಎತ್ತರ ಸರಿಹೋಗುತ್ತದೆ, ಉದ್ದ ಸರಿಹೋಗುವುದಿಲ್ಲ. ಒಂದೊಂದು ಸೈಜಿಗೆ ಮೇಲಿನ ಕೊಳವೆ ಒಂದು-ಒಂದೂವರೆ ಸೆಂ.ಮೀ. ಉದ್ದ ಆಗುತ್ತಾ ಹೋಗುತ್ತದೆ. ನಿಮ್ಮ ಎತ್ತರಕ್ಕೆ 52 ಅಥವಾ 54. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ, ಆದ್ದರಿಂದ ಎರಡನ್ನೂ ಹತ್ತಿ ನೋಡಿ. ಬ್ರೇಕ್ ಲಿವರಿನ ಮೇಲೆ ಕೈ ಇಟ್ಟಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕೈ ಕೋಲಿನ ಹಾಗೆ ನೆಟ್ಟಗಾದರೆ ಆ ಸೈಕಲ್ ನಿಮಗೆ ಉದ್ದ. ಸ್ಟಾಕ್ ಇಲ್ಲ ಅಂದರೆ ತರಿಸಿಕೊಡಿ ಅನ್ನಿ, ಎರಡು ವಾರ ಕಾಯಿರಿ.

ಪಾನಾ_ಪೆಟ್ಟಿಗೆ

ಮೇಲಿನವರು ಹೇಳಿದ್ದು ಸರಿ. ಆದರೂ ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡು ಮಾತು, ಮುಂದೆ ಓದುವವರಿಗೆ ಬೇಕಾಗಬಹುದು.

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಹೋಗಿ ನೋಡುವಾಗ ಚೈನ್ ಅಳೆಯುವ ಸಣ್ಣ ಪಟ್ಟಿ ತಗೊಂಡು ಹೋಗಿ. ಚೈನ್ ಹಿಗ್ಗಿದ್ದು ಶೇಕಡಾ 0.75 ದಾಟಿದ್ದರೆ ಚೈನ್ ಜೊತೆ ಹಿಂದಿನ ಹಲ್ಲಿನ ಗುಚ್ಛವೂ ಹೋಗಿರುವ ಸಾಧ್ಯತೆ ಇದೆ, ಎರಡರ ಖರ್ಚು ಕಳೆದು ಬೆಲೆ ಮಾತಾಡಿ. ಸೈಕಲ್ ತಲೆಕೆಳಗೆ ಮಾಡಿ, ಕೆಳಗಿನ ಕೊಳವೆ ಹ್ಯಾಂಡಲ್ ಕಡೆ ಸೇರುವ ಜಾಗದಲ್ಲಿ ಬಣ್ಣ ಸೀಳಿದೆಯಾ ನೋಡಿ. ಮುಂದೆ ಗುದ್ದಿದ ಸೈಕಲ್ಲಾದರೆ ಅಲ್ಲೇ ಗುರುತು ಕಾಣುವುದು. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್ ಕೀಲಿನಲ್ಲಿ ಟಕ್ ಅಂದರೆ ಬೇರಿಂಗ್ ಸಡಿಲ. ರಿಮ್ ಬ್ರೇಕ್ ಆದರೆ ರಿಮ್ಮಿನ ಪಕ್ಕೆಯ ಮೇಲೆ ಬೆರಳಾಡಿಸಿ. ಒಳಕ್ಕೆ ತಗ್ಗಿದ್ದರೆ ಸವೆದಿದೆ ಅಂತ ಅರ್ಥ, ಮಳೆಗಾಲದ ಮಣ್ಣು ಬ್ರೇಕಿನ ರಬ್ಬರಿಗೆ ಅಂಟಿ ರಿಮ್ಮನ್ನೇ ತಿಂದಿರುತ್ತದೆ.

ಎರೆ ಮಣ್ಣಿನ ಸೀಮೆಯವರಿಗೆ ಡಿಸ್ಕ್ ಬ್ರೇಕೇ ವಾಸಿ ಅನ್ನುವುದು ಇದಕ್ಕೇ.

ಕುಂದಗೋಳ_ಹೈಬ್ರಿಡ್

ನನ್ನದು ಬೇರೆ ಅಭಿಪ್ರಾಯ ರೀ. ಮೊದಲ ಸೈಕಲ್‌ಗೆ ಬಾಗಿದ ಹ್ಯಾಂಡಲ್ ಯಾಕೆ? ನೆಟ್ಟಗಿನ ಹ್ಯಾಂಡಲ್ ಇರುವ ಹೈಬ್ರಿಡ್ ತಗೊಂಡರೆ ಇದರ ಅರ್ಧ ದುಡ್ಡಿಗೆ 35ರ ಟೈರು, ಡಿಸ್ಕ್ ಬ್ರೇಕು ಎಲ್ಲ ಸಿಗುತ್ತದೆ. ಟ್ರಾಫಿಕ್ಕಿನಲ್ಲಿ ತಲೆ ಎತ್ತಿ ನೋಡಬಹುದು.

ಉಣಕಲ್_ದಂಡೆ

ಐದಾರು ಕಿಲೋಮೀಟರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹುಬ್ಬಳ್ಳಿ ಊರೊಳಗೇ ಓಡಾಡುವವರಿಗೆ ಹೈಬ್ರಿಡ್ ಸಾಕು. ಇಲ್ಲಿ ದಿನಕ್ಕೆ ಮೂವತ್ತರ ಹತ್ತಿರ, ಅದೂ ಎದುರು ಗಾಳಿಯಲ್ಲಿ. ನೆಟ್ಟಗೆ ಕೂತರೆ ಎದೆಯೆಲ್ಲ ಗಾಳಿಗೆ ಸಿಗುತ್ತದೆ. ಬಾಗಿದ ಹ್ಯಾಂಡಲ್ ಇದ್ದರೆ ಕೆಳಗೆ ಹಿಡಿದು ತಗ್ಗಬಹುದು, ಮೇಲೆ ಹಿಡಿದು ನೆಟ್ಟಗಾಗಬಹುದು. ಒಂದೇ ಭಂಗಿಯಲ್ಲಿ ಮುಕ್ಕಾಲು ಗಂಟೆ ಕೂರುವ ಕಷ್ಟ ತಪ್ಪುತ್ತದೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ರೋಡ್ ಬೈಕ್ ಅಂದ ಕೂಡಲೇ ರೇಸ್ ಭಂಗಿ ಬೇಡ. ಎಂಡ್ಯೂರೆನ್ಸ್ ಅಂತ ಬರುವ ಫ್ರೇಮುಗಳಲ್ಲಿ ಹ್ಯಾಂಡಲ್ ಸ್ವಲ್ಪ ಎತ್ತರ, ಹತ್ತಿರ ಇರುತ್ತದೆ. ಟ್ರೆಕ್ ಡೊಮಾನೆ, ಜೈಂಟ್ ಕಂಟೆಂಡ್ ಇವೆಲ್ಲ ಆ ಜಾತಿ. ಹೊಸಬರು ಅಂಥದ್ದನ್ನೇ ಹುಡುಕಬೇಕು.

ನವನಗರ_ಟೀಚರ್

ಯಾರೂ ಬ್ಯಾಗಿನ ಮಾತೇ ಎತ್ತಿಲ್ಲ! ತಮ್ಮಾ, ಲ್ಯಾಪ್‌ಟಾಪು, ಊಟದ ಡಬ್ಬಿ, ಒಂದು ಜೊತೆ ಬಟ್ಟೆ ಬೆನ್ನಿಗೆ ಹಾಕಿಕೊಂಡು ಹೋದರೆ ಏಪ್ರಿಲ್ ತಿಂಗಳಲ್ಲಿ ಆಫೀಸು ಮುಟ್ಟುವ ಹೊತ್ತಿಗೆ ಅಂಗಿ ಹಿಂಡಬೇಕಾಗುತ್ತದೆ. ತಗೊಳ್ಳುವ ಫ್ರೇಮಿನಲ್ಲಿ ಕ್ಯಾರಿಯರ್ ಕೂರಿಸಲು ಸ್ಕ್ರೂ ತೂತು ಇದೆಯಾ ನೋಡು. ಹಿಂದಿನ ಚಕ್ರದ ಅಚ್ಚಿನ ಹತ್ತಿರ ಎರಡು, ಸೀಟಿನ ಕೆಳಗೆ ಎರಡು. ರೇಸಿಂಗ್ ಬೈಕಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು. ರೋಡ್ ಬೈಕಿನ ಹಿಂಭಾಗ ಗಿಡ್ಡ. ಪಕ್ಕಕ್ಕೆ ತೂಗುವ ಬ್ಯಾಗು ದೊಡ್ಡದಾದರೆ ತುಳಿಯುವಾಗ ಹಿಮ್ಮಡಿ ಬಡಿಯುತ್ತದೆ. ಸಣ್ಣದು ತಗೊಂಡು ಸ್ವಲ್ಪ ಹಿಂದಕ್ಕೆ ಸರಿಸಿ ಕಟ್ಟು. ನಾನು ಇಸ್ತ್ರಿ ಮಾಡಿದ ಬಟ್ಟೆಗಳನ್ನು ಸೋಮವಾರ ಬಸ್ಸಿನಲ್ಲಿ ಒಯ್ದು ಶಾಲೆಯ ಕಪಾಟಿನಲ್ಲಿ ಇಟ್ಟುಬಿಡುತ್ತೇನೆ. ಉಳಿದ ದಿನ ಡಬ್ಬಿ ಮಾತ್ರ. ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಹೊಳೆಯುವ ಜಾಕೆಟ್ಟು. ಇವನ್ನು ಆಮೇಲೆ ನೋಡೋಣ ಅಂತ ಬಿಡಬೇಡ. ಸೈಕಲ್ ತಗೊಂಡ ದಿನವೇ ತಗೋ.

ವಿದ್ಯಾಗಿರಿ_ಹೊಸಬ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 54 ತರಿಸಿಕೊಂಡೆ. ಅದರಲ್ಲಿ ಮಡ್‌ಗಾರ್ಡ್ ಜೊತೆ 32 ಕೂರುತ್ತದೆ ಅಂತ ಅಳೆದು ನೋಡಿಯೇ ದುಡ್ಡು ಕೊಟ್ಟೆ. ಟೈರೂ ಬದಲಾಯಿಸಿಕೊಂಡೆ. ಟೀಚರ್ ಅಕ್ಕಾ, ಕ್ಯಾರಿಯರ್ ಕೂತಿದೆ. ಬೆಳಗಿನ ಸವಾರಿ ಬಹಳ ಖುಷಿ ಕೊಡುತ್ತಿದೆ.

ಈಗ ಎರಡು ಸಮಸ್ಯೆ. ಒಂದು, ನವಲೂರು ಬರುವಷ್ಟರಲ್ಲಿ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಎರಡು, ಪಂಕ್ಚರ್. ಹಾಕಿಸಿದ ಮರುದಿನವೇ ಮತ್ತೆ ಗಾಳಿ ಇಳಿಯುತ್ತದೆ. ರಸ್ತೆ ಬದಿ ಅಂಗಡಿಯವರ ಹತ್ತಿರ ಈ ಟ್ಯೂಬು ಇಲ್ಲ, ಅವರ ಪಂಪು ವಾಲ್ವಿಗೆ ಹಿಡಿಯುವುದೂ ಇಲ್ಲ.

ಉಣಕಲ್_ದಂಡೆ

ಬೆರಳಿನದು ಮೊದಲು. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಹೊರ ಅಂಚಿನಲ್ಲಿ, ಮಣಿಕಟ್ಟಿನ ಹತ್ತಿರ ಹಾದುಹೋಗುತ್ತದೆ. ಮೈಭಾರ ಅಲ್ಲಿ ಬಿದ್ದರೆ ಜೋಮು. ಭಾರ ಯಾಕೆ ಮುಂದಕ್ಕೆ ಬರುತ್ತಿದೆ ಅಂತ ಹುಡುಕಬೇಕು.

ಸೈಕಲ್ಲನ್ನು ಸಮನೆಲದ ಮೇಲೆ ನಿಲ್ಲಿಸಿ ಸೀಟಿನ ಮೇಲೆ ಒಂದು ದಪ್ಪ ಪುಸ್ತಕ ಇಡಿ. ಮೂತಿ ಕೆಳಕ್ಕೆ ಬಾಗಿದೆಯಾ? ಬಾಗಿದ್ದರೆ ನೀವು ಮುಂದಕ್ಕೆ ಜಾರುತ್ತೀರಿ, ಕೈಯಿಂದ ತಡೆದುಕೊಳ್ಳುತ್ತೀರಿ. ಮಟ್ಟ ಮಾಡಿ. ಆಮೇಲೆ ಎತ್ತರ. ಗೋಡೆಗೆ ಒತ್ತಿ ಬರಿಗಾಲಲ್ಲಿ ನಿಂತು, ತೊಡೆ ಸಂದಿಗೆ ಪುಸ್ತಕ ಒತ್ತಿಟ್ಟು ನೆಲದಿಂದ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. 79 ಸೆಂ.ಮೀ. ಬಂದರೆ ಸುಮಾರು 69.8. ಎರಡು ಪೆಡಲ್ ತೋಳುಗಳು ಸೇರುವ ಫ್ರೇಮಿನ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಭಾಗದ ತನಕ ಅಷ್ಟಿರಲಿ. ಇದು ಶುರು ಮಾಡಲು ಒಂದು ಗುರುತು, ಅಲ್ಲಿಂದ ನಿಮ್ಮ ಮೈಗೆ ತಕ್ಕಂತೆ ಒಂದರ್ಧ ಸೆಂ.ಮೀ. ಹೆಚ್ಚುಕಡಿಮೆ ಮಾಡಿಕೊಳ್ಳಿ.

ಇದರಿಂದಲೂ ಹೋಗದಿದ್ದರೆ ಸ್ಟೆಮ್ ನೋಡಿ. ಹ್ಯಾಂಡಲ್ಲನ್ನು ಹಿಡಿದಿರುವ ಆ ಗಿಡ್ಡ ತುಂಡು 100 ಮಿ.ಮೀ. ಇದ್ದರೆ 80ರದ್ದು ಹಾಕಿಸಿ. ಖರ್ಚು ಜಾಸ್ತಿ ಇಲ್ಲ. ಹ್ಯಾಂಡಲ್ ದೂರ ಅಂತ ಸೀಟನ್ನು ಮುಂದಕ್ಕೆ ತಳ್ಳುವವರಿದ್ದಾರೆ. ಬೇಡ, ಮೊಣಕಾಲಿಗೆ ನೋವು ಬರುತ್ತದೆ. ಸ್ಟೆಮ್ಮಿನ ಬೋಲ್ಟಿಗೆ ಎಷ್ಟು ಬಿಗಿ ಅನ್ನುವುದು ಅದರ ಮೇಲೇ ಬರೆದಿರುತ್ತದೆ, ಅದಕ್ಕಿಂತ ಜಾಸ್ತಿ ತಿರುಗಿಸಬೇಡಿ. ಸವಾರಿಯಲ್ಲಿ ಆಗಾಗ ಕೈ ಹಿಡಿತ ಬದಲಾಯಿಸುತ್ತಿರಿ.

ಪಾನಾ_ಪೆಟ್ಟಿಗೆ

ಪಂಕ್ಚರಿಗೆ ನಾನು ಹೇಳುತ್ತೇನೆ. ಹಾಕಿಸಿದ ಮರುದಿನವೇ ಇಳಿಯುತ್ತದೆ ಅಂದರೆ ಮುಳ್ಳು ಇನ್ನೂ ಟೈರಿನಲ್ಲೇ ಇದೆ. ನಮ್ಮ ಕಡೆ ಬಳ್ಳಾರಿ ಜಾಲಿ ಮುಳ್ಳು ಹೊರಗಿನಿಂದ ಕಾಣುವಂತೆ ಮುರಿಯುವುದಿಲ್ಲ, ತುದಿ ರಬ್ಬರಿನ ಒಳಗೆ ಉಳಿದುಬಿಡುತ್ತದೆ. ಟೈರ್ ಬಿಚ್ಚಿ ಒಳಗಡೆ ಹತ್ತಿಯ ಉಂಡೆಯನ್ನು ಸುತ್ತಲೂ ಒರೆಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬರಿಬೆರಳಿನಿಂದ ಒರೆಸಬೇಡಿ, ಗಾಜಿದ್ದರೆ ಕುಯ್ಯುತ್ತದೆ. ಇಕ್ಕಳದಿಂದ ಒಳಗಿನಿಂದಲೇ ಎಳೆಯಿರಿ.

ನಿಮ್ಮದು ಪ್ರೆಸ್ಟಾ ವಾಲ್ವ್, ಸಪೂರ. ತಲೆಯ ಸಣ್ಣ ನಟ್ಟು ಸಡಿಲಿಸಿ, ಮೇಲೆ ಹಿತ್ತಾಳೆ ಅಡಾಪ್ಟರ್ ತಿರುಗಿಸಿದರೆ ಮೋಟಾರ್ ಬೈಕಿಗೆ ಗಾಳಿ ಹಾಕುವ ಪಂಪು ಹಿಡಿಯುತ್ತದೆ. ಎರಡು ಅಡಾಪ್ಟರ್ ತಗೊಂಡು ಒಂದನ್ನು ಬ್ಯಾಗಿನಲ್ಲೇ ಇಟ್ಟಿರಿ. ಮನೆಯಲ್ಲಿ ಮೀಟರ್ ಇರುವ ಕಾಲುಪಂಪು ಇರಲಿ. 700x28-32 ಟ್ಯೂಬು ಎರಡು, ಟೈರ್ ಲಿವರ್, ಕೈಪಂಪು ಯಾವಾಗಲೂ ಜೊತೆಗಿರಲಿ. ದಾರಿಯಲ್ಲಿ ತೇಪೆ ಹಾಕುತ್ತಾ ಕೂರಬೇಡಿ. ಟ್ಯೂಬು ಬದಲಾಯಿಸಿ ಮನೆಗೆ ಬನ್ನಿ, ತೇಪೆಯನ್ನು ಭಾನುವಾರ ಹಾಕಿ.

ಇಷ್ಟಾದರೂ ಮುಳ್ಳಿನ ಕಾಟ ತಪ್ಪದಿದ್ದರೆ ಒಳಗೆ ರಕ್ಷಣೆಯ ಪದರ ಇರುವ ಟೈರ್ ಹಾಕಿ. ಶ್ವಾಲ್ಬೆ ಮ್ಯಾರಥಾನ್ ಭಾರ, ಆದರೆ ಗಟ್ಟಿ. ಕಾಂಟಿನೆಂಟಲ್ ಗೇಟರ್‌ಸ್ಕಿನ್ ಅದಕ್ಕಿಂತ ಹಗುರ. ಕೆಲಸಕ್ಕೆ ಹೋಗುವವರಿಗೆ ನಾನು ಭಾರದ್ದನ್ನೇ ಹೇಳುವುದು. ಹೊತ್ತಿಗೆ ಸರಿಯಾಗಿ ಮುಟ್ಟುವುದು ಮುಖ್ಯ ಅಲ್ವಾ?

ವಿದ್ಯಾಗಿರಿ_ಹೊಸಬ

ಹತ್ತಿಯಿಂದ ಸಿಕ್ಕಿತು ರೀ! ಹಿಂದಿನ ಟೈರಿನಲ್ಲಿ ಎರಡು ಮುಳ್ಳಿದ್ದವು. ಸೀಟಿನ ಮೂತಿಯೂ ಬಾಗಿತ್ತು, ಮಟ್ಟ ಮಾಡಿದ ಮೇಲೆ ಜೋಮು ಬಹಳ ಕಡಿಮೆ. ಸ್ಟೆಮ್ ಸದ್ಯಕ್ಕೆ ಹಾಗೇ ಬಿಡುತ್ತೇನೆ. ಇನ್ನು ಮಳೆ ಶುರುವಾಗುತ್ತದೆ. ಏನು ನೋಡಿಕೊಳ್ಳಬೇಕು?

ಪಾನಾ_ಪೆಟ್ಟಿಗೆ

ಮಳೆಯಲ್ಲಿ ಬಂದ ದಿನ ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ, ಮಳೆಗಾಲದ ಚೈನ್ ಎಣ್ಣೆಯನ್ನು ಕೊಂಡಿಗೊಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಎಂಜಿನ್ ಆಯಿಲ್ ಬೇಡ, ಮಣ್ಣೆಲ್ಲ ಅಂಟುತ್ತದೆ. ಎಣ್ಣೆ ಡಿಸ್ಕಿಗೆ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಮಡ್‌ಗಾರ್ಡಿನ ಒಳಗೆ ಎರೆ ಮಣ್ಣು ಹಸಿ ಇದ್ದಾಗಲೇ ನೀರು ಬಿಟ್ಟು ತೆಗೆಯಿರಿ, ಒಣಗಿದರೆ ಕೆರೆಯಬೇಕಾಗುತ್ತದೆ.

ಕೇಬಲ್ ಡಿಸ್ಕಿನಲ್ಲಿ ಪ್ಯಾಡ್ ಸವೆದಂತೆ ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರುತ್ತಾ ಹೋಗುತ್ತದೆ. ಅದು ತಾನಾಗಿ ಸರಿಹೋಗುವುದಿಲ್ಲ, ಬ್ರೇಕಿನ ಹತ್ತಿರದ ತಿರುಪನ್ನು ಆಗಾಗ ಅರ್ಧ ಸುತ್ತು ಬಿಗಿಮಾಡಬೇಕು. ಪ್ಯಾಡಿನ ಸವೆಯುವ ಪದರ ಅರ್ಧ ಮಿ.ಮೀ.ಗೆ ಬಂದರೆ ಬದಲಾಯಿಸಿ. ಮೊದಲ ವಾರದ ಮಳೆ ಆದ ಮೇಲೆ ಪ್ಯಾಡ್ ಬಿಚ್ಚಿ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.