ಪ್ರಶ್ನೋತ್ತರ: ಡಿಜಿಟಲ್ ಕಲಿಕೆಗೆ ಸರ್ಕಾರದ ಅನುದಾನ ಮತ್ತು ಸಣ್ಣ ಸಂಸ್ಥೆಗಳ ಲೆಕ್ಕಪತ್ರ

ನಿರ್ವಾಹಕರು: ಹಳ್ಳಿಯ ಮಹಿಳೆಯರು, ಕೂಲಿಕಾರರು, ಅಂಗವಿಕಲರು ಮತ್ತು ಹಿರಿಯರಿಗೆ ಮೊಬೈಲ್, ಕಂಪ್ಯೂಟರ್ ಬಳಕೆಯನ್ನು ಕಲಿಸುವ ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ಅನುದಾನವನ್ನು ಪಡೆಯುವ ಮತ್ತು ಅದರ ಲೆಕ್ಕ ಒಪ್ಪಿಸುವ ಬಗೆಯನ್ನು ಕುರಿತು ಸದಸ್ಯರು ಇಲ್ಲಿ ಕೇಳಬಹುದು. ಟ್ರಸ್ಟ್ ಮತ್ತು ಸಂಘಗಳ ಲೆಕ್ಕಪರಿಶೋಧನೆ ಮಾಡುವ ನಮ್ಮ ಆಡಿಟರ್ ಮೇಡಂ ಉತ್ತರಿಸುತ್ತಾರೆ.

ತುಮಕೂರಿನ ಸದಸ್ಯರು: ನಮಸ್ಕಾರ ಮೇಡಂ. ದರ್ಪಣ್ ಸಂಖ್ಯೆ ಇರುವ ಪ್ರತಿಯೊಂದು ಟ್ರಸ್ಟ್‌ಗೂ ಡಿಜಿಟಲ್ ಸಾಕ್ಷರತೆಗಾಗಿ ಕೇಂದ್ರ ಸರ್ಕಾರ 25 ಲಕ್ಷ ರೂಪಾಯಿ ಕೊಡುತ್ತದೆ, ಕಡತ ಮುಂದೆ ಸಾಗಲು ಮೊದಲೇ ಶುಲ್ಕ ಕಟ್ಟಬೇಕು ಎಂಬ ಸಂದೇಶ ಬಂದಿದೆ. ಕಟ್ಟಬಹುದೇ?

ಆಡಿಟರ್: ಕಟ್ಟಬೇಡಿ. ದರ್ಪಣ್ ನೀತಿ ಆಯೋಗದ ಜಾಲತಾಣ. ಅಲ್ಲಿ ನೋಂದಣಿ ಉಚಿತ, ಸಿಗುವ ಸಂಖ್ಯೆ ಸಂಸ್ಥೆಯ ಗುರುತೇ ಹೊರತು ಅನುದಾನದ ಒಪ್ಪಿಗೆಯಲ್ಲ. ಸರ್ಕಾರದ ಹಣ ಬರುವುದು ಇಲಾಖೆಯ ಪ್ರಕಟಣೆ, ಅರ್ಜಿ, ಪರಿಶೀಲನೆ ಮತ್ತು ಮಂಜೂರಾತಿ ಆದೇಶಗಳ ದಾರಿಯಲ್ಲಿ. ಶುಲ್ಕ ಕೇಳುವವರು ದಲ್ಲಾಳಿಗಳು.

ಹಾವೇರಿಯ ಸದಸ್ಯರು: ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ಹೊಸ ತರಬೇತಿ ಕೇಂದ್ರ ಕೊಡಿಸುತ್ತೇವೆಂದು ಒಬ್ಬರು ಹೇಳುತ್ತಿದ್ದಾರೆ.

ಆಡಿಟರ್: ಆ ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿದಿದೆ. ಅವರಿಗೆ ಆಧಾರ್ ಪ್ರತಿಯನ್ನಾಗಲಿ ಬ್ಯಾಂಕ್ ವಿವರವನ್ನಾಗಲಿ ಕೊಡಬೇಡಿ.

ಹುಬ್ಬಳ್ಳಿಯ ಸದಸ್ಯರು: ನಾವು ಅಂಧ ಯುವಕರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕನ್ನಡದಲ್ಲಿ ಕಂಪ್ಯೂಟರ್ ಕಲಿಸುತ್ತೇವೆ. ಒಬ್ಬರಿಗೆ ತಗಲುವ ಸಮಯ ಮತ್ತು ಖರ್ಚು ಎರಡೂ ಹೆಚ್ಚು. ಇದನ್ನು ಒಪ್ಪಿಕೊಂಡು ತಲಾ ವೆಚ್ಚವನ್ನು ಹೆಚ್ಚಿಸಿ ಕೊಡುವಂತೆ ಇಲಾಖೆಯನ್ನು ಕೇಳುವ ಪ್ರಸ್ತಾವನೆಯನ್ನು ಹೇಗೆ ಬರೆಯಬೇಕು?

ಸಿಂಧನೂರು ತಾಲ್ಲೂಕಿನ ಕಾರ್ಯದರ್ಶಿ: ಮೇಡಂ, ನಮ್ಮದು ಸಣ್ಣ ಟ್ರಸ್ಟ್. ಕೇಂದ್ರದ ಒಂದು ಇಲಾಖೆಯಿಂದ ಅನುದಾನ ಪಡೆದ ದೊಡ್ಡ ಸಂಸ್ಥೆಯೊಂದು, 600 ಕೃಷಿ ಕೂಲಿ ಮಹಿಳೆಯರಿಗೆ ಮೊಬೈಲ್ ಬ್ಯಾಂಕಿಂಗ್ ಮತ್ತು ಸರ್ಕಾರಿ ಸೇವೆಗಳ ಬಳಕೆ ಕಲಿಸಲು ನಮ್ಮೊಂದಿಗೆ 18 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಬಂದದ್ದು 11 ಲಕ್ಷ, ಕಲಿತವರು 370 ಮಂದಿ. ಈಗ ಮಾರ್ಚ್ ಕೊನೆ ಎಂಬ ಕಾರಣಕ್ಕೆ 18 ಲಕ್ಷವೂ ಖರ್ಚಾಗಿದೆ ಎಂದು ಯುಸಿಗೆ (ಹಣ ಬಳಕೆ ಪ್ರಮಾಣಪತ್ರಕ್ಕೆ) ಸಹಿ ಮಾಡಿ, 600 ಹೆಸರುಗಳ ಹಾಜರಿ ಪುಸ್ತಕವನ್ನೂ ಕಳುಹಿಸಿ, ಉಳಿದ ಹಣವನ್ನು ಏಪ್ರಿಲ್‌ನಲ್ಲಿ ಹಾಕುತ್ತೇವೆ ಎನ್ನುತ್ತಿದ್ದಾರೆ. ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆ ಎಂದೂ ಹೇಳಿದರು. ಏನು ಮಾಡಲಿ?

ಆಡಿಟರ್: ಸಹಿ ಮಾಡಬೇಡಿ. ನಿಮ್ಮ ಪ್ರಶ್ನೆಯಿಂದ ನನಗೆ ಕಳವಳವಾಗಿದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಇಲಾಖೆಯಿಂದ ನೇರವಾಗಿ ಅನುದಾನ ಪಡೆದವರು ಆ ಸಂಸ್ಥೆಯವರು. ಹಣ ಬಳಕೆ ಪ್ರಮಾಣಪತ್ರವನ್ನು ಇಲಾಖೆಗೆ ಒಪ್ಪಿಸಬೇಕಾದವರೂ ಅವರೇ. ನೀವು ಅವರಿಗೆ ಕೊಡಬೇಕಾದದ್ದು ನಿಮ್ಮ ಖಾತೆಗೆ ಬಂದ 11 ಲಕ್ಷದ ಖರ್ಚಿನ ವಿವರ ಮತ್ತು ನೀವು ನಿಜವಾಗಿ ಕಲಿಸಿದ 370 ಮಹಿಳೆಯರ ಪಟ್ಟಿ ಮಾತ್ರ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಈ ಪ್ರಮಾಣಪತ್ರಕ್ಕಿರುವ 12-ಎ ನಮೂನೆಯನ್ನು ಒಮ್ಮೆ ಓದಿ. ಮಂಜೂರಾತಿಯ ಷರತ್ತುಗಳು ಪಾಲನೆಯಾಗಿವೆ, ಹಣ ಉದ್ದೇಶಿತ ಕೆಲಸಕ್ಕೇ ಬಳಕೆಯಾಗಿದೆ ಎಂದು ಪರಿಶೀಲಿಸಿ ತೃಪ್ತನಾಗಿದ್ದೇನೆ ಎಂದು ಸಹಿ ಮಾಡಿದವರು ಅಲ್ಲಿ ದೃಢೀಕರಿಸುತ್ತಾರೆ. ಬಾರದ 7 ಲಕ್ಷದ ಬಗ್ಗೆ ನೀವು ಹೇಗೆ ತೃಪ್ತರಾಗುತ್ತೀರಿ?

ಮಾರ್ಚ್ ಕೊನೆಯ ಅವಸರವೂ ನಿಯಮದಿಂದ ಹುಟ್ಟಿದ್ದಲ್ಲ. ಆ ನಿಯಮಗಳ ಪ್ರಕಾರ ಪ್ರಮಾಣಪತ್ರ ಒಪ್ಪಿಸಲು ಆರ್ಥಿಕ ವರ್ಷ ಮುಗಿದ ಮೇಲೆ 12 ತಿಂಗಳ ಅವಕಾಶವಿದೆ, ಖರ್ಚಾಗದೆ ಉಳಿದ ಹಣವನ್ನು ತೋರಿಸಲು ನಮೂನೆಯಲ್ಲೇ ಜಾಗವೂ ಇದೆ. ಹಣ ಉಳಿದಿದೆ ಎಂದು ಬರೆಯುವುದು ಅಪರಾಧವಲ್ಲ. ಮುಂದಿನ ಕಂತು ತಡವಾಗುತ್ತದೆ ಎಂಬ ಭಯ ಅವರದು, ಆ ಭಯವನ್ನು ನಿಮ್ಮ ಸಹಿಯ ಮೇಲೆ ಹೊರಿಸುತ್ತಿದ್ದಾರೆ. ಮೂಲ ಮಂಜೂರಾತಿ ಆದೇಶದ ಪ್ರತಿಯನ್ನು ಕೇಳಿ ಪಡೆಯಿರಿ. ಅನುದಾನ ಪಡೆದ ಸಂಸ್ಥೆಯು ಕೆಲಸವನ್ನು ಮತ್ತೊಂದು ಸಂಸ್ಥೆಗೆ ವಹಿಸಕೂಡದೆಂಬ ಷರತ್ತು ಅನೇಕ ಆದೇಶಗಳಲ್ಲಿ ಇರುತ್ತದೆ. ಇಲ್ಲಿಯೂ ಇದ್ದರೆ ನಿಮ್ಮ ಒಪ್ಪಂದವನ್ನೇ ಅವರು ಇಲಾಖೆಗೆ ತಿಳಿಸಿರಲಾರರು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಆ 230 ಹೆಸರುಗಳು. ಸುಳ್ಳು ಹಾಜರಿ ಸೃಷ್ಟಿಸಿದರೆ ಕ್ರಿಮಿನಲ್ ಮೊಕದ್ದಮೆ ಸಹಿ ಮಾಡಿದ ವ್ಯಕ್ತಿಯ ಮೇಲೆ ಬೀಳುತ್ತದೆ, ಟ್ರಸ್ಟ್‌ನ ಹೆಸರು ನಿಮ್ಮನ್ನು ಕಾಪಾಡುವುದಿಲ್ಲ. ಆ ಮಹಿಳೆಯರಿಗಂತೂ ಬೇರೆಯದೇ ನಷ್ಟವಿದೆ. ಈಗ ಮುಗಿದಿರುವ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶವಿತ್ತು. ಅಂಥ ನಿಯಮವಿರುವಲ್ಲಿ ಯಾರದೋ ಆಧಾರ್ ಸಂಖ್ಯೆಯನ್ನು ತರಬೇತಿ ಪಡೆದವರ ಪಟ್ಟಿಗೆ ಸುಳ್ಳಾಗಿ ಸೇರಿಸಿದರೆ, ಒಂದಕ್ಷರವನ್ನೂ ಕಲಿಯದೆ ಇಡೀ ಮನೆಯ ಪಾಲು ತೀರಿಹೋಗುತ್ತದೆ. ನೀವು ಯಾರಿಗಾಗಿ ಸಂಸ್ಥೆ ಕಟ್ಟಿದಿರೋ ಅವರ ಹಕ್ಕನ್ನೇ ನಿಮ್ಮ ಕೈಯಿಂದ ಕಸಿಯುವ ಕೆಲಸ ಇದು.

ಇಂದೇ ಟ್ರಸ್ಟಿಗಳ ಸಭೆ ಕರೆದು ನಿರ್ಣಯ ಬರೆಯಿರಿ. ಬಂದ ಹಣ, ಕಲಿತವರ ಸಂಖ್ಯೆ, ಬಾಕಿ ಹಣ ಮೂರನ್ನೂ ನಮೂದಿಸಿದ ಪತ್ರವನ್ನು ಆ ಸಂಸ್ಥೆಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ. ಮೂಲ ಹಾಜರಿ ಪುಸ್ತಕವನ್ನು ಯಾರಿಗೂ ಕೊಡಬೇಡಿ, ಪ್ರತಿ ಮಾತ್ರ ಕೊಡಿ.

ಮಂಡ್ಯದ ಸದಸ್ಯರು: ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ರೀಲ್ಸ್ ನೋಡಲು ಯಾರೂ ಯಾರಿಗೂ ಕಲಿಸಲಿಲ್ಲ. ಹೀಗಿರುವಾಗ ಇಂಥ ತರಬೇತಿಗೆ ತೆರಿಗೆಯ ಹಣ ಸುರಿಯುವುದರಿಂದಲೇ ಸುಳ್ಳು ಹಾಜರಿ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಲಬುರಗಿಯ ತರಬೇತುದಾರರು: ಎಲ್ಲರ ಕೈಯಲ್ಲೂ ಎಂದರೆ ಯಾರ ಕೈಯಲ್ಲಿ ಸರ್? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು ಶೇ 57.1, ಮಹಿಳೆಯರು ಶೇ 33.3. ನಮ್ಮ ಹಳ್ಳಿಗಳಲ್ಲಿ ಗೃಹಲಕ್ಷ್ಮಿ ಹಣ ಬಂದಿದೆಯೇ ಎಂದು ನೋಡಿಸಲು ಅಂಗಡಿಯವನಿಗೆ ದುಡ್ಡು ಕೊಟ್ಟು, ಒಟಿಪಿಯನ್ನೂ ಅವನಿಗೇ ಹೇಳುವ ಅಕ್ಕಂದಿರಿದ್ದಾರೆ. ಮೊಬೈಲ್ ಇರುವುದು ಮಗನ ಜೇಬಿನಲ್ಲಿ.

ಮಂಡ್ಯದ ಸದಸ್ಯರು: ಆ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ 2,351.38 ಕೋಟಿ ರೂಪಾಯಿ ಅಂದಾಜು ಮಾಡಿದ್ದರಲ್ಲ, ಅಷ್ಟು ಹಣದಲ್ಲಿ ಅವರೆಲ್ಲ ಕಲಿಯಲಿಲ್ಲವೇ?

ಕಲಬುರಗಿಯ ತರಬೇತುದಾರರು: ಆ ಮೊತ್ತ 6 ಕೋಟಿ ಕುಟುಂಬಗಳಿಗೆಂದು ಇಟ್ಟದ್ದು. 20 ಗಂಟೆ ಕಲಿಸಿದ್ದಕ್ಕೆ ತರಬೇತಿ ಸಂಸ್ಥೆಗೆ ಸಿಗುತ್ತಿದ್ದದ್ದು ತಲಾ 300 ರೂಪಾಯಿ, ಅದೂ ಅಭ್ಯರ್ಥಿ ಆನ್‌ಲೈನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಮಾತ್ರ. ಸುಮಾರು 6.39 ಕೋಟಿ ಜನ ತರಬೇತಿ ಪಡೆದರೂ ಪ್ರಮಾಣಪತ್ರ ಪಡೆದವರು ಸುಮಾರು 4.77 ಕೋಟಿ. ಉಳಿದ ಒಂದೂವರೆ ಕೋಟಿಗೂ ಹೆಚ್ಚು ಜನರಿಗೆ ಕಲಿಸಿದ ಖರ್ಚನ್ನು ಹೊತ್ತವರು ಯಾರು? ಬೇಗ ಉತ್ತೀರ್ಣರಾಗುವ ಕಾಲೇಜು ಹುಡುಗರನ್ನು ಹುಡುಕಿ, ಐವತ್ತು ದಾಟಿದ ಕೂಲಿ ಹೆಂಗಸನ್ನು ಬಿಟ್ಟುಬಿಡುವಂತೆ ಆ ವ್ಯವಸ್ಥೆಯೇ ಪ್ರೇರೇಪಿಸುತ್ತಿತ್ತು.

ಮಂಡ್ಯದ ಸದಸ್ಯರು: ತಮ್ಮ ವಸೂಲಿಯ ಕಷ್ಟವನ್ನು ಬಡವರ ಹೆಸರಿನಲ್ಲಿ ಹೇಳುತ್ತಿದ್ದೀರಿ.

ಕಲಬುರಗಿಯ ತರಬೇತುದಾರರು: ತರಬೇತಿ ಕೊಠಡಿಗೆ ಒಮ್ಮೆಯೂ ಕಾಲಿಡದವರು ಈ ಮಾತು ಆಡಬಾರದು.

ಆಡಿಟರ್: ಪರೀಕ್ಷೆಯ ಫಲಿತಾಂಶಕ್ಕೆ ಮಾತ್ರ ಹಣ ಕಟ್ಟುವ ಪದ್ಧತಿಯಲ್ಲಿ ಸಣ್ಣ ಸಂಸ್ಥೆಗಳು ಸಾಲ ಮಾಡಿ ಕಲಿಸಬೇಕಾಗುತ್ತದೆ, ಈ ಮಾತು ನಿಜ. ನಾನು ನೋಡುವ ಲೆಕ್ಕಪುಸ್ತಕಗಳಲ್ಲಿ ಸುಳ್ಳು ಬಹಳ ಬಾರಿ ಆ ಸಾಲದಿಂದಲೇ ಶುರುವಾಗಿರುತ್ತದೆ. ಆದರೆ ಅದು ಸುಳ್ಳು ಸಹಿಗೆ ಸಮರ್ಥನೆಯಲ್ಲ. ವೈಯಕ್ತಿಕ ಮಾತುಗಳನ್ನು ಇಬ್ಬರೂ ನಿಲ್ಲಿಸಬೇಕು.

ಶಿವಮೊಗ್ಗದ ಸದಸ್ಯರು: ಸರ್ಕಾರ ಕೊಡುವ ತರಬೇತಿ ಹಣಕ್ಕೆ ಜಿಎಸ್‌ಟಿ ಉಂಟೇ? ದತ್ತಿ ಸಂಸ್ಥೆಗೆ ಪೂರ್ಣ ವಿನಾಯಿತಿ ಎಂದು ಓದಿದ್ದೇನೆ.

ಆಡಿಟರ್: ಪೂರ್ಣ ವಿನಾಯಿತಿ ಇಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿತವಾದ ದತ್ತಿ ಸಂಸ್ಥೆಯ ಶಿಕ್ಷಣ ಮತ್ತು ಕೌಶಲ ಚಟುವಟಿಕೆಗೆ 2017ರ ಅಧಿಸೂಚನೆಯಲ್ಲಿ ಕೊಟ್ಟಿರುವ ವಿನಾಯಿತಿಯು ಅನಾಥ ಅಥವಾ ನಿರ್ಗತಿಕ ಮಕ್ಕಳು, ದೌರ್ಜನ್ಯಕ್ಕೆ ಒಳಗಾದವರು, ಕೈದಿಗಳು ಮತ್ತು ಹಳ್ಳಿಯಲ್ಲಿರುವ 65 ವರ್ಷ ದಾಟಿದವರಿಗೆ ಸೀಮಿತ. ಹಿರಿಯರ ವಿಷಯದಲ್ಲಿ ಇದು ವಿಚಿತ್ರ, ಏಕೆಂದರೆ ಆ ಸಾಕ್ಷರತಾ ಅಭಿಯಾನದಲ್ಲಿ 60 ವರ್ಷ ದಾಟಿದವರಿಗೆ ಅವಕಾಶವೇ ಇರಲಿಲ್ಲ. ಪ್ರತಿಫಲದ ಕರಾರಿಲ್ಲದ ಅನುದಾನದ ಲೆಕ್ಕವೇ ಬೇರೆ, ಟೆಂಡರ್‌ನಲ್ಲಿ ಪಡೆದ ಸೇವಾ ಶುಲ್ಕದ ಲೆಕ್ಕವೇ ಬೇರೆ. ಆದೇಶದ ಪ್ರತಿಯನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ.

ಚಿತ್ರದುರ್ಗದ ಸದಸ್ಯರು: ಅನುದಾನವನ್ನು ಠೇವಣಿಯಲ್ಲಿಟ್ಟು ಬಡ್ಡಿಯಿಂದ ತರಬೇತುದಾರರ ಸಂಬಳ ಕೊಡಬಹುದು ಎಂಬ ಸಲಹೆಯ ಸಂದೇಶ ಮತ್ತೊಂದು ಗುಂಪಿನಿಂದ ಬಂದಿದೆ, ಎಲ್ಲರ ಅನುಕೂಲಕ್ಕಾಗಿ ಇಲ್ಲಿ ಹಾಕಿದ್ದೇನೆ.

ಆಡಿಟರ್: ದಯವಿಟ್ಟು ಅಳಿಸಿ. ಕೇಂದ್ರದ ಅನುದಾನದ ಮೇಲೆ ಬಂದ ಬಡ್ಡಿ ಸಂಸ್ಥೆಯದಲ್ಲ, ಲೆಕ್ಕ ಅಂತಿಮಗೊಂಡ ಕೂಡಲೇ ಅದನ್ನು ಭಾರತದ ಸಂಚಿತ ನಿಧಿಗೆ ಜಮಾ ಮಾಡಬೇಕು. ಇಂಥ ಸಂದೇಶ ನಂಬಿ ಸಂಬಳ ಕೊಟ್ಟವರು ಆಮೇಲೆ ಆ ಹಣವನ್ನು ಕೈಯಿಂದ ತುಂಬುತ್ತಾರೆ, ಸಂದೇಶ ಕಳುಹಿಸಿದವರು ತುಂಬುವುದಿಲ್ಲ.

ಕೋಲಾರದ ಸದಸ್ಯರು: ಪ್ರತಿ ಟ್ರಸ್ಟ್‌ಗೆ 25 ಲಕ್ಷ ಬರುತ್ತದೆಯಂತೆ, ಹೌದೇ ಮೇಡಂ?

ಆಡಿಟರ್: ಇಲ್ಲ. ಮೇಲೆ ಓದಿ.

ಬೀದರ್‌ನ ಸದಸ್ಯರು: ಬೆಂಗಳೂರಿನ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ನಮಗೆ ಪಾಲು ಕೊಡಲು ಸಿದ್ಧವಿದೆ.

ಆಡಿಟರ್: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅಂಥ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ಗದಗಿನ ಸದಸ್ಯರು: 25 ಲಕ್ಷದ ಯೋಜನೆಗೆ ಅರ್ಜಿ ನಮೂನೆ ಇದ್ದವರು ಹಾಕಿ.

ಆಡಿಟರ್: ನಿರ್ವಾಹಕರೇ, ಇದಕ್ಕೆ ನಾನು ಇನ್ನು ಉತ್ತರಿಸುವುದಿಲ್ಲ.

ಹುಬ್ಬಳ್ಳಿಯ ಸದಸ್ಯರು: ಅಂಧರ ತರಬೇತಿಯ ಬಗ್ಗೆ ಕೇಳಿದ್ದೆ.

ಗದಗಿನ ಸದಸ್ಯರು: ಒಬ್ಬರಿಗೆ ಪುಟಗಟ್ಟಲೆ ಉತ್ತರ, ನಮಗೆ ಗದರಿಕೆ. ಗುಂಪು ಎಲ್ಲರದೂ ಅಲ್ಲವೇ?

ಕಲಬುರಗಿಯ ತರಬೇತುದಾರರು: ಮೇಲಿನದನ್ನು ಓದದೆ ಕೇಳಿದರೆ ಇನ್ನೇನು ಸಿಗುತ್ತದೆ?

ನಿರ್ವಾಹಕರು: 25 ಲಕ್ಷದ ಸಂದೇಶವನ್ನು ಇನ್ನು ಮುಂದೆ ಹಾಕಿದವರನ್ನು ಗುಂಪಿನಿಂದ ತೆಗೆಯಲಾಗುವುದು.

ಸಿಂಧನೂರು ತಾಲ್ಲೂಕಿನ ಕಾರ್ಯದರ್ಶಿ: ಮೇಡಂ, ನಿರ್ಣಯ ಬರೆದೆವು. ಪತ್ರ ಕಳುಹಿಸಿದರೆ ಮುಂದಿನ ಕೆಲಸ ನಮಗೆ ಸಿಗುವುದಿಲ್ಲವೆಂದು ಅವರು ಫೋನಿನಲ್ಲಿ ಹೇಳಿದ್ದಾರೆ. ನಮ್ಮ ತರಬೇತುದಾರ ಹೆಣ್ಣುಮಕ್ಕಳಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ.

ಆಡಿಟರ್: ಆ ಮಾತನ್ನೂ ಪತ್ರದಲ್ಲಿ ದಿನಾಂಕ ಸಹಿತ ಬರೆಯಿರಿ. ಕಲಿಸಿ ಮುಗಿಸಿದ ತಂಡಗಳಿಗೆ ಒಪ್ಪಂದದಂತೆ ಬರಬೇಕಾದ ಬಾಕಿ ಏನಾದರೂ ಇದ್ದರೆ ಅದನ್ನು ಪ್ರತ್ಯೇಕ ಬಿಲ್ ಮಾಡಿ ಕೇಳಿ. ಸಂಬಳದ ಬಾಕಿಯನ್ನು ಪುಸ್ತಕದಲ್ಲಿ ಕೊಡಬೇಕಾದ ಹಣವೆಂದೇ ತೋರಿಸಿ. ಏಪ್ರಿಲ್‌ನ ಹಣವನ್ನು ನಂಬಿ ಆ ಹೆಣ್ಣುಮಕ್ಕಳಿಗೆ ದಿನಾಂಕ ಕೊಡಬೇಡಿ. ಕರಡು ಪತ್ರವನ್ನು ನನಗೆ ಖಾಸಗಿಯಾಗಿ ಕಳುಹಿಸಿ, ಇಂದು ರಾತ್ರಿಯೇ ನೋಡಿಕೊಡುತ್ತೇನೆ.