ಕೆಡವೋಕೆ ಮುಂಚೆ ಯುದ್ಧಕಾಲದ ಏರ್‌ಫೀಲ್ಡ್ ಕಟ್ಟಡ ರೆಕಾರ್ಡ್ ಮಾಡೋದು ಹೇಗೆ?

ಹಾಸನದ ಹುಡುಗ:
ಎಲ್ರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಸಫೋಕ್ ಕಡೆ, ಮನೆ ಹತ್ರ ಎರಡನೇ ಮಹಾಯುದ್ಧದ ಏರ್‌ಫೀಲ್ಡ್ ಇದೆ, ಇದೆ ಅಂದ್ರೆ ರನ್‌ವೇ ಕಿತ್ತು ಜಲ್ಲಿ ಮಾಡಿ ಮಾರಿ ಎಷ್ಟೋ ಕಾಲ ಆಯ್ತು, ಈಗ ಗೋಧಿ ಹೊಲ. ಉಳಿದಿರೋದು ಒಂದು ಕಂಟ್ರೋಲ್ ಟವರ್, ಐದಾರು ನಿಸ್ಸೆನ್ ಹಟ್, ಅದೇ ಅರ್ಧ ಡ್ರಮ್ ಕವುಚಿ ಹಾಕಿದಂಗೆ ಇರೋ ತಗಡಿನ ಶೆಡ್ಡು. ಅಲ್ಲಿ ಮನೆ ಕಟ್ಟೋಕೆ ಪರ್ಮಿಷನ್ ಸಿಕ್ಕಿದೆ, ಎಲ್ಲಾ ಕೆಡವ್ತಾರಂತೆ. ಊರಿನ ಹಿಸ್ಟರಿ ಗ್ರೂಪಲ್ಲಿ ಇರೋರೆಲ್ಲ ಎಪ್ಪತ್ತು ದಾಟಿದೋರು, ನಾನೊಬ್ಬ ಟೆಕ್ಕಿ ಅಂತ ಕೆಡವೋ ಮುಂಚೆ ಫೋಟೋ, ಅಳತೆ ತೆಗೆದು ದಾಖಲೆ ಮಾಡೋ ಕೆಲಸ ನನ್ನ ತಲೆಗೆ ಕಟ್ಟಿದಾರೆ. ಬಿಲ್ಡರ್ ಒಂದೆರಡು ವೀಕೆಂಡ್ ಒಳಗೆ ಬಿಡ್ತೀನಿ ಅಂದಿದಾರೆ. ಡ್ರೋನ್ ಇದೆ, ಫೋನಲ್ಲಿ ಲೈಡಾರ್ (ಲೇಸರ್ ಬೆಳಕಲ್ಲಿ ಅಳತೆ ತೆಗೆಯೋ ಸೆನ್ಸರ್) ಇದೆ, ಎಲ್ಲಿಂದ ಶುರು ಮಾಡ್ಲಿ?

ಟೇಪು ಮಂಜ:
ಡ್ರೋನ್ ಆಮೇಲೆ ಹಾರಿಸು ಗುರು. ಮೊದ್ಲು ಕೌಂಟಿ ಕೌನ್ಸಿಲ್‌ನ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್ (ಆ ಕಡೆಯ ಹಳೇ ಕಟ್ಟಡ, ಜಾಗಗಳ ದಾಖಲೆ ಇಡೋ ವಿಭಾಗ) ಅವ್ರಿಗೆ ಮೇಲ್ ಹಾಕು, ಪರ್ಮಿಷನ್ ಕಂಡೀಷನ್‌ನಲ್ಲೇ ಬಿಲ್ಡರ್ ತನ್ನ ದುಡ್ಡಲ್ಲಿ ರೆಕಾರ್ಡಿಂಗ್ ಮಾಡಿಸ್ಬೇಕು ಅಂತ ಇದ್ರೂ ಇರಬಹುದು, ಆಗ ಅದನ್ನೇ ನೀನೂ ಮಾಡೋದು ದಂಡ. ಹಳೇ ಕಟ್ಟಡಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್, ರೆಕಾರ್ಡಿಂಗಿಗೆ ನಾಲ್ಕು ಲೆವೆಲ್ ಇಟ್ಟಿದೆ, 1 ಅಂದ್ರೆ ಬರೀ ಮೇಲ್ನೋಟ, 4 ಅಂದ್ರೆ ಕಟ್ಟಡದ ಪೂರ್ತಿ ಜಾತಕ. ನಿಮ್ಮಂಥ ಗ್ರೂಪಿಗೆ 2 ಸಾಕು.

ಮತ್ತೆ ಟೇಪ್ ಹಿಡ್ಕೊಂಡು ದಿನ ಕಳೀಬೇಡ (ನನ್ನ ಹೆಸರು ನೋಡಿ ನಗಬೇಡಿ). ಇವನ್ನೆಲ್ಲ ಏರ್ ಮಿನಿಸ್ಟ್ರಿ (ಆಗಿನ ಬ್ರಿಟಿಷ್ ವಾಯುಪಡೆ ಇಲಾಖೆ) ಸ್ಟಾಂಡರ್ಡ್ ಡ್ರಾಯಿಂಗ್ ಪ್ರಕಾರ ಕಟ್ಟಿದ್ದು, ನಿಮ್ಮ ಟವರ್ 343/43 ಮಾದರಿದಾದ್ರೆ, ಆ ನಂಬರ್ ಅಂದ್ರೆ 1943ರ 343ನೇ ಡ್ರಾಯಿಂಗು, ಅದೇ ಟವರು ಎಷ್ಟೋ ಏರ್‌ಫೀಲ್ಡಲ್ಲಿ ಎದ್ದಿತ್ತು. ನಿಸ್ಸೆನ್ ಹಟ್ಟೂ ಅಷ್ಟೇ, ಅಗಲ 16, 24 ಇಲ್ಲಾ 30 ಅಡಿ. ಡ್ರಾಯಿಂಗಲ್ಲಿ ಇಲ್ದೇ ಇರೋದನ್ನ ಹಿಡಿ, ಗೋಡೆ ಬರಹ, ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ನಂಬರ್, ಸ್ಟವ್ ಪೈಪ್ ಹೋಗ್ತಿದ್ದ ತೂತು. ಸಫೋಕಲ್ಲಿ ಅಮೆರಿಕದ 8ನೇ ಏರ್‌ಫೋರ್ಸ್‌ನೋರು ಇದ್ರಲ್ಲ, ಆ ಹುಡುಗ್ರು ಗೋಡೆ ತುಂಬ ಚಿತ್ರ ಬರೀತಿದ್ರು. ಟಾರ್ಚನ್ನ ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗಿ, ಗೀಚಿದ್ದೆಲ್ಲ ಎದ್ದು ಕಾಣುತ್ತೆ, ನೇರ ಫ್ಲಾಶ್ ಹೊಡೆದ್ರೆ ಎಲ್ಲಾ ಮಾಯ.

ಶಾಲ್ಮಲೆ:
ಮಂಜು ಅವ್ರೆ, ಅರ್ಧ ಒಪ್ತೀನಿ ಅಷ್ಟೇ. ಡ್ರಾಯಿಂಗ್ ಒಂದೇ ಆದ್ರೂ ಸೈಟಲ್ಲಿ ಕಟ್ಟಿದ್ದು ಹಾಗೇ ಇರ್ಬೇಕು ಅಂತೇನಿಲ್ಲ, ಯುದ್ಧ ಮುಗಿದ ಮೇಲೆ ರೈತರು ಕಾಳು ತುಂಬೋಕೆ, ಹಂದಿ ಕಟ್ಟೋಕೆ ಅಂತ ಒಡೆದು ಸೇರಿಸಿ ಮಾಡಿರ್ತಾರೆ. ಅಳತೆ ತಗೊಂಡು ಡ್ರಾಯಿಂಗ್ ಪಕ್ಕ ಇಟ್ರೆ ತಾನೆ ಎಲ್ಲಿ ಬದಲಾಗಿದೆ ಅಂತ ಗೊತ್ತಾಗೋದು? ಟವರ್ ಬಿಟ್ಟು ಉಳಿದ ಇಟ್ಟಿಗೆ ಕಟ್ಟಡ ಇದ್ರೆ ಗೋಡೆ ದಪ್ಪ ನೋಡಿ, ನಾಲ್ಕೂವರೆ ಇಂಚಿನ ಒಂಟಿ ಇಟ್ಟಿಗೆ, ಮಧ್ಯೆ ಮಧ್ಯೆ ಪಿಲ್ಲರ್, ಮೇಲೆ ಸಿಮೆಂಟ್ ಗಾರೆ, ಯುದ್ಧ ಮುಗಿಯೋ ತನಕ ನಿಂತ್ರೆ ಸಾಕು ಅಂತ ಕಟ್ಟಿದ್ದು. ಹಾಸನದವ್ರೆ, ಲೈಡಾರ್ ಉದ್ದನೆ ಶೆಡ್ಡಲ್ಲಿ ಅಳತೆ ತಪ್ಪುತ್ತೆ, ಟೇಪಲ್ಲಿ ಒಂದೆರಡು ಅಳತೆ ತಗೊಂಡು ತಾಳೆ ನೋಡಿ. ಕೆಲವು ಶೀಟು ಆಸ್ಬೆಸ್ಟಾಸ್ ಇರಬಹುದು, ಮುರಿಯೋಕೆ ಹೋಗ್ಬೇಡಿ. ಬಾವಲಿ ಇದ್ರೆ ಓಡಿಸ್ಬೇಡಿ, ಅಲ್ಲಿ ಅದು ಕ್ರೈಮು.

ಜಾಲಹಳ್ಳಿ ಕ್ರಾಸ್:
ನಿಮ್ಮ ಬಿಲ್ಡರ್ ಒಳಗಾದ್ರೂ ಬಿಡ್ತಾನಲ್ಲ ಸ್ವಾಮಿ. ನಮ್ಮಲ್ಲೂ ಯುದ್ಧಕಾಲದ ಕಟ್ಟಡ ಇವೆ, ಇಟಲಿ ಕೈದಿಗಳನ್ನ ಬೆಂಗಳೂರಿಗೆ ತಂದು ಇಟ್ಟಿದ್ರಲ್ಲ ಆ ಕಾಲದ್ದು, ಆದ್ರೆ ಡಿಫೆನ್ಸ್ ಕಾಂಪೌಂಡ್ ಪಕ್ಕ ಕ್ಯಾಮೆರಾ ತೆಗೆದ್ರೆ ಗೇಟಲ್ಲೇ ವಿಚಾರಣೆ 😀

ಹಾಸನದ ಹುಡುಗ:
ಮಂಜಣ್ಣ, ಪ್ಲಾನಿಂಗ್ ವೆಬ್‌ಸೈಟಲ್ಲಿ ಈಗಷ್ಟೇ ನೋಡ್ದೆ, ಕಂಡೀಷನ್ ಇರೋದು ಟವರಿಗೆ ಮಾತ್ರ, ಹಟ್‌ಗಳ ಬಗ್ಗೆ ಒಂದು ಲೈನೂ ಇಲ್ಲ.

ಟೇಪು ಮಂಜ:
ಹಾಗಾದ್ರೆ ಟವರ್ ಬಿಡು, ಎರಡೂ ವೀಕೆಂಡ್ ಹಟ್‌ಗೇ ಹಾಕು. ಲಂಡನ್ನಿನ ಹೆಂಡನ್‌ನಲ್ಲಿರೋ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನಲ್ಲಿ ಏರ್‌ಫೀಲ್ಡ್ ಸೈಟ್ ಪ್ಲಾನ್‌ಗಳಿವೆ, ನಿಮ್ದು ಇದ್ಯಾ ಕೇಳು, ಪ್ರತಿ ಕಟ್ಟಡಕ್ಕೂ ಒಂದು ನಂಬರ್ ಇರುತ್ತೆ, ಫೋಟೋ ಫೈಲಿಗೆ ಅದೇ ನಂಬರ್ ಇಡು. ಶಾಲ್ಮಲೆ ಮೇಡಂ ಹೇಳ್ದಂಗೆ ಟೇಪೂ ತಗೊಂಡ್ ಹೋಗು ಆಯ್ತಾ.