ಪದ ಬೇಕು: ಪ್ರಾಣಿಯ ದನಿ ತೆಗೆದು ಪ್ರಾಣಿಯನ್ನೇ ಕರೆಯುವುದಕ್ಕೆ

ಗೆಳೆಯರೇ,

ಸೋಮವಾರ ಅಚ್ಚಿಗೆ ಹೋಗಬೇಕಾದ ಅನುವಾದವೊಂದು ಒಂದೇ ಪದಕ್ಕೆ ಸಿಕ್ಕಿಕೊಂಡು ನಿಂತಿದೆ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಕೆನಡಾದ ಹಳೇ ಬೇಟೆಗಾರರೊಬ್ಬರ ನೆನಪುಗಳು. ಮೂಸ್ ಬೇಟೆಯ ಮಾತೇ ಜಾಸ್ತಿ. ಜಿಂಕೆ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಾಣಿ ಅದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಅದಕ್ಕೆ ಬೆದೆಗಾಲ. ಆಗ ಬರ್ಚ್ ಮರದ ತೊಗಟೆಯನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಅಂಚನ್ನು ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಊದುವ ಕೊಂಬು ಮಾಡಿ, ಅದರ ಸಣ್ಣ ತುದಿಗೆ ತುಟಿ ಇಟ್ಟು ಹೆಣ್ಣಿನ ದನಿ ತೆಗೆಯುತ್ತಾರೆ. ಗಂಡು ಹುಡುಕಿಕೊಂಡು ಬರುತ್ತದೆ.

ಇಲ್ಲಿ ಕೋವಿ ಹಿಡಿದವರು ನಮ್ಮ ಮುದುಕರು. ದನಿ ತೆಗೆಯುತ್ತಿದ್ದವನು ಅವರ ಜೊತೆಗಾರ. ನನ್ನ ಕರಡಿನ ಒಂದು ತುಣುಕು:

"ಹೊತ್ತು ಮುಳುಗುವ ಮುಂಚೆ ಅವನು ಒಂದೇ ಸಲ ಊದಿದ. ಉದ್ದನೆ ನರಳಿಕೆ, ಕೊನೆಯಲ್ಲಿ ಸ್ವಲ್ಪ ಏರಿ ಇಳಿಯಿತು. ಆಮೇಲೆ ಅರ್ಧ ಗಂಟೆ ಕೊಂಬನ್ನು ಮುಟ್ಟಲಿಲ್ಲ. ನನಗೆ ತಾಳ್ಮೆ ಕೆಟ್ಟಿತು, ಅವನಿಗಿಲ್ಲ. ನಂತರ ಕೊಂಬಿನಲ್ಲಿ ಕೆರೆಯ ನೀರು ಮೊಗೆದು, ನಿಂತುಕೊಂಡು ಸಣ್ಣಗೆ ಸುರಿದ. ಹೆಣ್ಣು ನೀರಿನಲ್ಲಿ ನಿಂತು ಉಚ್ಚೆ ಹೊಯ್ದ ಸದ್ದು. ಆಚೆ ದಡದಲ್ಲಿ ಗಂಡು ಗುಟುರು ಹಾಕಿತು."

ಈ ಕೆಲಸಕ್ಕೆ ಏನು ಹೆಸರು? ಈ ಕೆಲಸ ಮಾಡುವವನಿಗೆ? ಮೊದಲ ಕರಡಿನಲ್ಲಿ "ಪ್ರಾಣಿ ಧ್ವನಿ ಅನುಕರಣೆ" ಅಂತ ಬರೆದಿದ್ದೆ. ಓದಿದರೆ ಪರೀಕ್ಷೆಯ ಉತ್ತರದ ಹಾಗಿದೆ. ಕೊಂಬಿನ ಚಿತ್ರದ ಕೆಳಗೂ ಒಂದು ಸಾಲು ಹಾಕಬೇಕು, ಅದಕ್ಕೆ ಚಿಕ್ಕ ಪದವೇ ಬೇಕು. ದಯವಿಟ್ಟು ಬೇಗ ಹೇಳಿ.

ಮರು: ಪದ ಬೇಕು

ಅಣಕುಗೂಗು. ಮಾಡುವವನು ಅಣಕಿಗ. ಅನುಕರಣೆಯನ್ನು ಎತ್ತಿ ಆಚೆ ಹಾಕಿ, ಅದು ಕನ್ನಡವಲ್ಲ. ಇಷ್ಟಕ್ಕೆ ಚರ್ಚೆಯ ಅಗತ್ಯ ಕಾಣಲಿಲ್ಲ.

ಮರು: ಪದ ಬೇಕು

ಸರ್, ತಕ್ಷಣ ಉತ್ತರಿಸಿದ್ದಕ್ಕೆ ಧನ್ಯವಾದ. ಆದರೆ ಅಣಕದಲ್ಲಿ ಕೀಟಲೆ ಇದೆ. ಮಕ್ಕಳು ಮೇಷ್ಟರನ್ನು ಅಣಕಿಸುತ್ತಾರೆ. ಆ ಮುದುಕರು ಒಂದು ಕಡೆ ಸ್ಪಷ್ಟವಾಗಿ ಹೇಳುತ್ತಾರೆ: "ಅವನು ಅದರ ಹಾಗೆ ಕೂಗುತ್ತಿದ್ದ ಅನ್ನಬೇಡಿ. ಅದರ ಜೊತೆ ಮಾತಾಡುತ್ತಿದ್ದ." ಅಣಕು ಹಾಕಿದರೆ ಈ ಸಾಲು ಸತ್ತುಹೋಗುತ್ತದೆ.

ಮರು: ಪದ ಬೇಕು

ತಾಯೀ, ಹೊಸದು ಕಟ್ಟುವ ಮೊದಲು ಹಳೆಯ ಪೆಟ್ಟಿಗೆ ತೆಗೆದು ನೋಡಬೇಕು. ಬೇಟೆಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಹಳುವಿಗೆ ನುಗ್ಗಿ ಗದ್ದಲ ಮಾಡಿ ಪ್ರಾಣಿಯನ್ನು ಕೋವಿಯವರ ಕಡೆ ಅಟ್ಟಿದರೆ ಅದು ಸೋವು. ಮರದ ಮೇಲೋ ಪೊದೆಯ ಮರೆಯಲ್ಲೋ ಅಡಗಿ ಕಾದರೆ ಮರಸು. ಪಳಗಿಸಿದ ಪ್ರಾಣಿಯನ್ನೋ ಹಕ್ಕಿಯನ್ನೋ ಮುಂದಿಟ್ಟು ಅದರ ಜಾತಿಯವನ್ನು ಸೆಳೆದರೆ ದೀವದ ಬೇಟೆ. ದೀವ, ದೀಹ ಎರಡೂ ರೂಪ ಉಂಟು. ಹಳಗನ್ನಡದ ಬೇಟೆ ವರ್ಣನೆಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ನಿಮ್ಮ ಜೊತೆಗಾರ ಮಾಡುವುದೂ ಸೆಳೆಯುವ ಕೆಲಸವೇ ಅಲ್ವಾ? ಆದ್ದರಿಂದ ದೀವಗೂಗು ಅನ್ನಿ. ದೀವ ಅಚ್ಚಗನ್ನಡದ ಪದ. ತೀವು, ಅಂದರೆ ತುಂಬು, ಅದರಿಂದ ಬಂದದ್ದು ಅಂತ ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಬಯಲನ್ನು ತುಂಬಿಸುವ ಪ್ರಾಣಿ ಅದು. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಮರು: ದೀವ ಅಚ್ಚಗನ್ನಡವೇ?

ತೆಗೆದುಕೊಳ್ಳಲು ಸಾಧ್ಯವಿಲ್ಲ. ದೀವ ಸಂಸ್ಕೃತದ ದೀಪಕದ ತದ್ಭವ. ತಮಿಳಿನಲ್ಲಿ ಇದೇ ಅರ್ಥದಲ್ಲಿ ತೀವಗಂ ಅಂತಿದೆ, ಕೊನೆಯ ಗಂ ಸಮೇತ. ಆ ಗಂ ಎಲ್ಲಿಂದ ಬಂತು? ತೀವುವಿನಿಂದ ಬರಲು ದಾರಿಯೇ ಇಲ್ಲ.

ತದ್ಭವ ಅಂದ ಮಾತ್ರಕ್ಕೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ದೀವಕ್ಕೆ ಇಂಗ್ಲಿಷಿನವರು ಹೇಳುವ ಡಿಕಾಯ್ ಕೂಡ ಅವರ ಸ್ವಂತದ್ದಲ್ಲ. ಬಾತು ಹಿಡಿಯುವ ಬಲೆಗೂಡಿಗೆ ಡಚ್ಚರು ಇಟ್ಟ ಹೆಸರು ಕೋಯ್, ಅದನ್ನು ಎತ್ತಿಕೊಂಡರು. ಡಚ್ಚರು ಆ ಕೋಯ್ ಪದವನ್ನು ಲ್ಯಾಟಿನ್ನಿನಿಂದ ತಂದದ್ದು. ಯಾರಿಗೂ ನಷ್ಟವಾಗಲಿಲ್ಲ.

ಇರಲಿ, ದೀವ ಇಲ್ಲಿ ಹೊಂದುವುದಿಲ್ಲ. ದೀವ ಕಣ್ಣಿಗೆ ಕಾಣುವ ಪ್ರಾಣಿ. ಇಲ್ಲಿ ಪ್ರಾಣಿಯೇ ಇಲ್ಲ, ದನಿ ಮಾತ್ರ ಇದೆ. ಗಂಡು ಮೂಸ್ ಬರುವುದು ಕಾಣದ ಹೆಣ್ಣಿಗಾಗಿ. ಆ ವ್ಯತ್ಯಾಸವೇ ಈ ಪುಸ್ತಕದ ಜೀವ ಅಂತ ನನಗೆ ಅನ್ನಿಸುತ್ತದೆ.

ಮರು: ಪದ ಬೇಕು

ಸಾಧನದಿಂದ ಪದ ಕಟ್ಟಬಹುದಲ್ಲ? ಜರ್ಮನರು ಹಾಗೇ ಮಾಡಿದ್ದಾರೆ. ರೋ ಅನ್ನುವ ಸಣ್ಣ ಜಿಂಕೆಗೆ ಜುಲೈ ಕೊನೆಯಿಂದ ಆಗಸ್ಟ್ ಮೊದಲರ್ಧದವರೆಗೆ ಬೆದೆಗಾಲ. ಬೀಚ್ ಮರದ ಎಲೆಯನ್ನು ಹೆಬ್ಬೆರಳುಗಳ ನಡುವೆ ಬಿಗಿಹಿಡಿದು ಊದಿದರೆ ಹೆಣ್ಣಿನ ಪೀ ಅನ್ನುವ ದನಿ ಬರುತ್ತದೆ. ಎಲೆಗೆ ಅವರಲ್ಲಿ ಬ್ಲಾಟ್ ಅಂತಾರೆ. ಹೀಗೆ ಕರೆಯುವುದಕ್ಕೆ ಬ್ಲಾಟನ್. ಎಲೆಯನ್ನೇ ಕ್ರಿಯಾಪದ ಮಾಡಿಕೊಂಡರು! ನಮಗೆ ಪೀಪಿ ಇದೆ. ಎಷ್ಟು ಚೆನ್ನಾಗಿರುವ ಪದ. ಪೀಪಿಬೇಟೆ ಅಂದರೆ ಏನು ತಪ್ಪು?

ಮರು: ಪದ ಬೇಕು

ತಪ್ಪಿದೆ. ಎಲ್ಲರೂ ಊದುವುದಿಲ್ಲ. ಜಿಮ್ ಕಾರ್ಬೆಟ್ 1938ರಲ್ಲಿ ಠಾಕ್ ಹಳ್ಳಿಯ ಹತ್ತಿರ ನರಭಕ್ಷಕ ಹೆಣ್ಣುಹುಲಿಯನ್ನು ಕರೆದದ್ದು ಬರೀ ಗಂಟಲಿನಿಂದ, ಗಂಡುಹುಲಿಯ ದನಿಯಲ್ಲಿ. ಅದಕ್ಕೂ ಪೀಪಿಬೇಟೆ ಅಂತೀರಾ? ಮೂಸ್ ಬೇಟೆಯಲ್ಲೂ ಕೊಂಬು ಒಂದೇ ಅಲ್ಲ. ಒಣಗಿದ ಹೆಗಲೆಲುಬನ್ನು ಪೊದೆಗೆ ಉಜ್ಜುತ್ತಾರೆ, ಇನ್ನೊಂದು ಗಂಡು ಕೋಡು ತಿಕ್ಕುತ್ತಿದೆ ಅನ್ನಿಸಲಿಕ್ಕೆ.

ಕರೆಬೇಟೆ, ಕರೆಗಾರ. ಇಷ್ಟು ಸರಳ.

ಮರು: -ಗಾರ ಯಾರದು?

ಕರೆಗಾರ ಬೇಡವೇ ಬೇಡ. ಒಂದು, ಕರೆ ಅಂದರೆ ಹಾಲು ಕರೆಯುವುದೂ ಹೌದು. ಇವತ್ತಿನ ಪತ್ರಿಕೆಯಲ್ಲಂತೂ ಕರೆ ಅಂದರೆ ಫೋನು, ಇಲ್ಲಾ ಬಂದ್. ಎರಡು, ನನಗೆ ಇದೇ ಮುಖ್ಯ, -ಗಾರ ಸಂಸ್ಕೃತದ ಕಾರ. ನಮ್ಮದೇ -ಇಗ ಇರುವಾಗ ಅದರ ಹಂಗು ಯಾಕೆ? ಅಂಬಿಗ, ಕನ್ನಡಿಗ ಇಲ್ಲವೇ? ಕೂಗಿಗ ಅನ್ನಿ. ಮೂಸ್ ಅನ್ನುವ ಇಂಗ್ಲಿಷ್ ಪದವನ್ನೂ ಕಿತ್ತು ಹೆಗ್ಗಡವೆ ಅನ್ನಿ. ದೊಡ್ಡ ಕಡವೆ ತಾನೇ ಅದು? ಅನುವಾದಕರು ಮೊದಲ ಸಾಲಿನಿಂದಲೇ ಸೋತು ಕೂತರೆ ಕನ್ನಡ ಬೆಳೆಯುವುದು ಹೇಗೆ?

ಮರು: -ಗಾರ ಯಾರದು?

ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಗಾರ, ಕಾರಗಳನ್ನು ಕನ್ನಡದ ತದ್ಧಿತಗಳ ಸಾಲಿನಲ್ಲಿ ಕೂರಿಸಿದ್ದಾನೆ. ಅವನಿಗಿಂತ ನಿಮಗೆ ಮಡಿ ಜಾಸ್ತಿಯೇ? ಬೇಟೆಗಾರನನ್ನೂ ಬೇಟೆಯಿಗ ಮಾಡುತ್ತೀರಾ? ಕೂಗಿಗ ಅನ್ನುವುದು ಬಾಯಲ್ಲಿ ತಿರುಗುವುದಿಲ್ಲ, ಮುಗಿಯಿತು.

ಹೆಗ್ಗಡವೆ ಇನ್ನೂ ಕೆಟ್ಟದ್ದು. ಕಡವೆಯ ಕೋಡು ಕವಲುಕವಲು, ಮೂಸಿನದು ಅಗಲ ಮೊರದಂತೆ. ಓದುವವರ ಕಣ್ಣ ಮುಂದೆ ತಪ್ಪು ಪ್ರಾಣಿ ನಿಲ್ಲುತ್ತದೆ. ಮೂಸ್ ಇಂಗ್ಲಿಷ್ ಪದವೂ ಅಲ್ಲ. ಉತ್ತರ ಅಮೆರಿಕದ ಆಲ್ಗಾಂಕ್ವಿಯನ್ ಭಾಷೆಗಳದ್ದು. 17ನೇ ಶತಮಾನದಲ್ಲಿ ಅಲ್ಲಿಗೆ ಹೋದ ಇಂಗ್ಲಿಷರು ಅಲ್ಲಿಯವರ ಬಾಯಿಂದ ಕಲಿತರು. ಪ್ರಾಣಿ ಯಾರ ಕಾಡಿನದೋ ಹೆಸರೂ ಅವರದೇ ಇರಲಿ.

ಮರು: -ಗಾರ ಯಾರದು?

ಬಂದೂಕು, ಶಿಕಾರಿ, ತುಪಾಕಿ ಎಲ್ಲಾ ಹೀಗೇ ಒಳಗೆ ಬಂದವು. ಕೋವಿ ಅನ್ನುವ ನಮ್ಮ ಪದ ಮೂಲೆಗೆ ಬಿತ್ತು. ಇದನ್ನು ನೋಡಿ ನೋವಾಗದವರ ಜೊತೆ ನನಗೆ ಮಾತಿಲ್ಲ.

ಮರು: ಪದ ಬೇಕು

ನಮಸ್ಕಾರ. ಇಲ್ಲಿ ಅಪರೂಪಕ್ಕೆ ಬರೆಯುವವನು ನಾನು. ನಮ್ಮಜ್ಜ ಬೇಟೆಯವರು. 1972ರ ವನ್ಯಜೀವಿ ಕಾಯಿದೆಗೆ ಮುಂಚಿನ ಮಾತು. ಆಮೇಲೆ ಅವರು ಕೋವಿ ಮುಟ್ಟಲಿಲ್ಲ. ಕಥೆ ಹೇಳುವುದು ಮಾತ್ರ ಬಿಡಲಿಲ್ಲ.

ಅಜ್ಜ ಮತ್ತು ಅವರ ಜೊತೆಗಾರರು ಕಾಡುಕುರಿಯನ್ನು ಎಲೆ ಊದಿ ಕರೆಯುತ್ತಿದ್ದರು. ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಎಲೆ ಬೇಕು. ಅದನ್ನು ಉದ್ದಕ್ಕೆ ಮಡಚಿ, ಮಡಿಕೆಯನ್ನು ಕೆಳದುಟಿಗೂ ಹಲ್ಲಿಗೂ ನಡುವೆ ಇಟ್ಟು, ನಾಲಿಗೆಯಿಂದ ಸ್ವಲ್ಪ ತಡೆದು ಊದಬೇಕು. ಮರಿ ತಾಯಿಯನ್ನು ಹುಡುಕುವ ದನಿ. ನನಗೂ ಕಲಿಸಲು ನೋಡಿದರು. ನನ್ನ ಎಲೆಯಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

ಇಬ್ಬರಲ್ಲಿ ಊದುತ್ತಿದ್ದವರು ಜೊತೆಗಾರರು. ಈಡು ಅಜ್ಜನದು. ಜೊತೆಗಾರರಿಗೆ ಮುಂದಿನ ಎರಡು ಹಲ್ಲು ಬಿದ್ದ ಮೇಲೆ ಎಲೆ ನಿಲ್ಲಲಿಲ್ಲ. ಇನ್ನೊಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು, ಅಜ್ಜ ಹೋಗಲಿಲ್ಲ. ಆಮೇಲೂ ಇಬ್ಬರೂ ಸಂಜೆ ಕಾಡಂಚಿಗೆ ಹೋಗಿ ಸುಮ್ನೆ ಕೂತು ಬರುತ್ತಿದ್ದರಂತೆ.

ಈಗ ಪದದ ಮಾತು. ಅಜ್ಜನ ಬಾಯಲ್ಲಿ ಈ ಕೆಲಸಕ್ಕೆ ಹೆಸರೇ ಇರಲಿಲ್ಲ. "ಅವ ಕರೆದ, ಅದು ಬಂತು" ಅನ್ನುತ್ತಿದ್ದರು. "ಅವನು ಚೆಂದ ಕರೀತಿದ್ದ." ಅಷ್ಟೇ. ಹಸುವನ್ನು ಕರೆದ ಹಾಗೆ, ಮಕ್ಕಳನ್ನು ಊಟಕ್ಕೆ ಕರೆದ ಹಾಗೆ. ಕೇಳುತ್ತಿದ್ದ ನಮಗೆ ಯಾವತ್ತೂ ಹಾಲು ಕರೆಯುವುದು ಅನ್ನಿಸಲಿಲ್ಲ, ಯಾಕೆಂದರೆ "ಕಾಡುಕುರಿ ಕರೆದ" ಅಂದ ಮೇಲೆ ಗೊಂದಲಕ್ಕೆ ಜಾಗವೆಲ್ಲಿ? ಇಂಗ್ಲಿಷಿನಲ್ಲಿ ಹೆಸರುಪದ ಇದೆ ಅಂತ ನಾವೂ ಒಂದು ಹೆಸರುಪದ ಹುಡುಕುತ್ತಿದ್ದೇವೆ. ಕನ್ನಡಕ್ಕೆ ಅಲ್ಲಿ ಕ್ರಿಯಾಪದ ಸಾಕು.

ಮರು: ಪದ ಬೇಕು

ಹೆಸರುಪದವಿಲ್ಲದೆ ಪರಿಭಾಷೆ ಕಟ್ಟಲಾಗುವುದಿಲ್ಲ. ಅಜ್ಜನ ಮಾತು ಮನೆಗೆ ಚೆನ್ನ, ನಿಘಂಟಿಗೆ ಆಗುವುದಿಲ್ಲ.

ಮರು: ಪದ ಬೇಕು

ಅವರು ನಿಘಂಟು ಬರೆಯುತ್ತಿಲ್ಲ. ಒಬ್ಬ ಮುದುಕನ ಮಾತನ್ನು ಬರೆಯುತ್ತಿದ್ದಾರೆ.

ಮರು: ಪದ ಬೇಕು

ಗೆಳೆಯರೇ, ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಕೂತು ಇಡೀ ಹಸ್ತಪ್ರತಿಯಲ್ಲಿ ಈ ಪದ ಬಂದ ಕಡೆಯೆಲ್ಲಾ ಕರೆ ಅನ್ನುವ ಕ್ರಿಯಾಪದ ಹಾಕಿ ಗಟ್ಟಿಯಾಗಿ ಓದಿದೆ. 41 ಕಡೆ ಬರುತ್ತದೆ. 38 ಕಡೆ ಹೆಸರುಪದ ಬೇಕೇ ಆಗಲಿಲ್ಲ. ಉಳಿದ 3 ಕಡೆ "ಕರೆಯುವವನು" ಅಂದೆ. ಕರೆಗಾರ ನನಗೆ ಇಷ್ಟವೇ, ಆದರೆ ಅದು ಕಸುಬಿನ ಹೆಸರಿನ ಹಾಗೆ ಕೇಳುತ್ತದೆ. ಆ ಜೊತೆಗಾರನಿಗೆ ಅದು ಕಸುಬಾಗಿರಲಿಲ್ಲ.

ಚಿತ್ರದ ಕೆಳಗೆ: "ಮೂಸ್ ಕರೆಯುವ ತೊಗಟೆಕೊಂಬು".

ದೀವ ಹೇಳಿಕೊಟ್ಟ ಹಿರಿಯರಿಗೆ ಒಂದು ಮಾತು. ಅದು ವ್ಯರ್ಥವಾಗಲಿಲ್ಲ. ಏಳನೇ ಅಧ್ಯಾಯದಲ್ಲಿ ಗಡಿಯ ಆಚೆ ಅಮೆರಿಕದಲ್ಲಿ ಸಾಕಿದ ಬಾತುಗಳನ್ನು ನೀರಿನಲ್ಲಿ ಕಟ್ಟಿ, ಅವುಗಳ ಕೂಗಿಗೆ ಕಾಡುಬಾತುಗಳನ್ನು ಇಳಿಸುತ್ತಿದ್ದ ಕಥೆ ಬರುತ್ತದೆ. ಅದನ್ನು 1935ರಲ್ಲಿ ನಿಷೇಧಿಸಿದರು. ಅಲ್ಲಿ ಮೂರು ಸಾಲು ಹಿಡಿಯುತ್ತಿದ್ದ ನನ್ನ ವಿವರಣೆ ತೆಗೆದು "ದೀವದ ಬಾತು" ಅಂತ ಹಾಕಿದೆ. ಎಷ್ಟು ಹಗುರವಾಯಿತು! ವ್ಯುತ್ಪತ್ತಿ ಯಾರದ್ದು ಸರಿಯೋ ತೀರ್ಮಾನಿಸುವ ಶಕ್ತಿ ನನಗಿಲ್ಲ, ಪದ ಮಾತ್ರ ನನ್ನದಾಯಿತು.

ಕೊನೆಯ ಅಧ್ಯಾಯದಲ್ಲಿ ಜೊತೆಗಾರ ತೀರಿಕೊಂಡಿದ್ದಾನೆ. ಕೊಂಬು ಈ ಮುದುಕರ ಮನೆಯಲ್ಲಿದೆ. ಹೊಲಿಗೆ ಒಂದು ಕಡೆ ಬಿಟ್ಟಿದೆ. ಅಲ್ಲಿಯ ಸಾಲು ಈಗ ಹೀಗಿದೆ: "ನನಗೂ ಊದಲು ಬರುತ್ತದೆ. ಸದ್ದೂ ಅದೇ. ಆದರೆ ಅವನು ಕರೆಯುತ್ತಿದ್ದ."

-ಗಾರದ ಜಗಳವನ್ನು ಅದೇ ತಲೆಬರಹದಲ್ಲಿ ಮುಂದುವರಿಸಿ, ನಾನೂ ಓದುತ್ತೇನೆ. ಅಜ್ಜನ ಕಥೆ ಬರೆದವರೇ, ಒಂದು ಉಳಿಯಿತು: ಕಾಡುಕುರಿಗೆ ನಿಮ್ಮಜ್ಜ ಆರಿಸುತ್ತಿದ್ದ ಎಲೆ ಯಾವ ಮರದ್ದು?

ಮರು: ಪದ ಬೇಕು

ಕೇಳಿದ್ದೆ. ಮರದ ಹೆಸರು ಹೇಳಲಿಲ್ಲ. ಕೈ ಹಿಡಿದುಕೊಂಡು ಹೋಗಿ ತೋರಿಸಿದರು. ರಜೆಗೆ ಊರಿಗೆ ಹೋದಾಗ ಒಂದು ಎಲೆ ತಂದು ಚಿತ್ರ ಕಳಿಸುತ್ತೇನೆ.